ನೀರಿನ ನಡಿಗೆಯನ್ನು ಎಡಕ್ಕೆ ತಿರುಗಿಸಿದ ಬಗ್ಗೆ ಸೀಟಿಯಮ್ಮನ ಹೇಳಿಕೆ

ಮಕ್ಕಳು, ಮೇಷ್ಟ್ರುಗಳು, ಆಟೊದವರು ಎಲ್ಲರೂ ಸೀಟಿಯಮ್ಮ ಎಂದು ಕರೆಯುವ ನಾನು, ವಯಸ್ಸು 58 ವರ್ಷ, ಉದ್ಯೋಗ ಶಾಲೆಯ ಮುಂದೆ ನಾಲ್ಕು ರಸ್ತೆ ಕೂಡುವಲ್ಲಿ ಮಕ್ಕಳನ್ನು ದಾಟಿಸುವುದು, ವಾಸ ಪಂಪ್‌ಹೌಸ್ ಗೋಡೆಗೆ ಮುಗಿಯುವ ಓಣಿಯಲ್ಲಿ ಎಡಗಡೆಯ ಒಂಬತ್ತನೇ ಮನೆ, ಇಂದು ಮಧ್ಯಾಹ್ನ ಠಾಣೆಯ ರೈಟರ್ ಅವರ ಮುಂದೆ ಕುಳಿತು ಈ ಮೂಲಕ ಹೇಳಿ ಬರೆಸುವುದೇನೆಂದರೆ:

ಇಂದು ಭಾನುವಾರ ಶುದ್ಧ ಕುಡಿಯುವ ನೀರಿಗಾಗಿ ನಡೆದ ಸಹಾಯಾರ್ಥ ನಡಿಗೆಯನ್ನು, ಬಲಕ್ಕೆ ಹೋಗಬೇಕಾದಲ್ಲಿ ಎಡಕ್ಕೆ ತಿರುಗಿಸಿದ್ದು ನಾನೇ. ಬೇಕೆಂದೇ ತಿರುಗಿಸಿದೆ. ಇದನ್ನು ಕೊನೆಯಲ್ಲಿ ಬರೆಯೋಣ, ಮೊದಲಿನಿಂದ ಹೇಳಿ ಎಂದು ರೈಟರ್ ಅವರು ಹೇಳಿದರು. ಕೊನೆಗೆ ಬಿಟ್ಟರೆ ಹಾಳೆಯಲ್ಲಿ ಜಾಗ ಸಾಲಲಿಲ್ಲ ಎಂದಾಗಬಹುದು. ಅದಕ್ಕೇ ಮೊದಲೇ ಬರೆಸಿದ್ದೇನೆ.

ನಾನು ಒಂಬತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಬೆಳಿಗ್ಗೆ 8-10 ರಿಂದ 9-00, ಸಂಜೆ 3-30 ರಿಂದ 4-15. ಕೈಯಲ್ಲಿ ಕೆಂಪು ಬಾವುಟ, ಕೊರಳಲ್ಲಿ ಸೀಟಿ. ಒಂದು ಉದ್ದ ಸೀಟಿ ಎಂದರೆ ನಿಲ್ಲುವುದು. ಎರಡು ಗಿಡ್ಡ ಸೀಟಿ ಎಂದರೆ ಬಾವುಟ ತೋರಿಸಿದ ಕಡೆ ನಡೆಯುವುದು. ಏಕೆ ಎಂದು ಕೇಳುವುದಿದ್ದರೆ ರಸ್ತೆ ದಾಟಿದ ಮೇಲೆ ಕೇಳಬೇಕು. ಇದುವರೆಗೆ ನನ್ನ ಕೈಯಲ್ಲಿ ಒಂದು ಮಗುವಿನ ಮೊಣಕಾಲೂ ತರಚಿಲ್ಲ. ದಾಟಿಸುವಾಗ ತಲೆ ಎಣಿಸುವುದು ನನ್ನ ಅಭ್ಯಾಸ. ನಮ್ಮ ಓಣಿಯಿಂದ ಶಾಲೆಗೆ ಬರುವ ಮಕ್ಕಳು ಹನ್ನೊಂದು. ಕಳೆದ ತಿಂಗಳ ಎರಡನೇ ವಾರ ನಾನು ಎಣಿಸಿದ್ದು ನಾಲ್ಕು.

ಕಾರಣವನ್ನೂ ಬರೆದುಕೊಳ್ಳಬೇಕು. ಮೂರು ತಿಂಗಳ ಹಿಂದೆ ಓಣಿಯನ್ನು ಅಗೆದು ಚರಂಡಿ ಕೊಳವೆ ಹಾಕಿದರು. ಕುಡಿಯುವ ನೀರಿನ ಕೊಳವೆಯೂ ಅದೇ ಗುಂಡಿಯಲ್ಲಿದೆ. ಎರಡರ ನಡುವಿನ ಅಂತರ ನನ್ನ ಒಂದು ಗೇಣು, ಮಣ್ಣು ಮುಚ್ಚುವ ಮೊದಲು ನಾನೇ ಇಳಿದು ಅಳೆದಿದ್ದೇನೆ. ಅಂದಿನಿಂದ ದಿನ ಬಿಟ್ಟು ದಿನ ಬೆಳಿಗ್ಗೆ 7-15 ಕ್ಕೆ ನಲ್ಲಿಯಲ್ಲಿ ಬರುವುದು ಹಳದಿ ನೀರು, ನಾರುವ ನೀರು. ನೀರಿನ ಕಚೇರಿಗೆ ನಾಲ್ಕು ಅರ್ಜಿ ಕೊಟ್ಟೆ. ಎಂಜಿನಿಯರ್ ಒಮ್ಮೆ ಬಂದು ಮೂಗಿಗೆ ಕರವಸ್ತ್ರ ಹಿಡಿದು ಐದು ನಿಮಿಷ ನಿಂತರು. ನೀರನ್ನು ಪರೀಕ್ಷೆಗೆ ಕಳಿಸಬೇಕು, ಆದರೆ ಬಾಟಲಿ ತಂದಿಲ್ಲ ಎಂದು ತಿಳಿಸಿದರು. ನಾನು ತೊಳೆದ ಬಾಟಲಿ ಕೊಟ್ಟೆ. ಕಚೇರಿಯ ಬಾಟಲಿಯೇ ಆಗಬೇಕು ಎಂದರು. ನಿಮ್ಮದನ್ನು ಯಾವ ನೀರಲ್ಲಿ ತೊಳೆದಿರಿ ಎಂದು ಅವರು ಕೇಳಿದ್ದರೆ, ಅದೇ ನಲ್ಲಿಯ ನೀರಲ್ಲಿ ಎನ್ನಬೇಕಾಗುತ್ತಿತ್ತು.

ಆ ವಾರ ನಾನು ಎಣಿಸಿದ ನಾಲ್ವರಲ್ಲಿ ನನ್ನ ಮೊಮ್ಮಗಳು ಇರಲಿಲ್ಲ. ಎರಡನೇ ತರಗತಿಯವಳು, ಕಾಮಾಲೆಯಾಗಿ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಕುಡಿಯುವ ನೀರನ್ನು ಸೊಸೆ ಕಾಯಿಸಿಯೇ ಕೊಡುತ್ತಿದ್ದಳು. ಹಲ್ಲುಜ್ಜಿ ಬಾಯಿ ಮುಕ್ಕಳಿಸುವ ನೀರನ್ನೂ ಕಾಯಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಮುಕ್ಕಳಿಸುವುದನ್ನು ಕಲಿಸಿದವಳೂ ನಾನೇ. ಈ ತಪ್ಪಿಗೆ ನನ್ನ ಮೇಲೆ ಯಾರೂ ಕೇಸು ಹಾಕಬೇಕಾಗಿಲ್ಲ, ನಾನೇ ಹಾಕಿಕೊಂಡಿದ್ದೇನೆ. ಈಗ ಮೊಮ್ಮಗಳು ಶಾಲೆಗೆ ಬರುತ್ತಾಳೆ. ರಸ್ತೆಯ ಮಧ್ಯದಲ್ಲಿ ಒಮ್ಮೆ ನಿಂತು, ಸುಧಾರಿಸಿಕೊಂಡು, ಉಳಿದರ್ಧ ದಾಟುತ್ತಾಳೆ. ಅಷ್ಟು ಹೊತ್ತು ನಾನು ವಾಹನಗಳನ್ನು ಹಿಡಿದು ನಿಲ್ಲಿಸುತ್ತೇನೆ. ಹಾರ್ನ್ ಹೊಡೆದವರನ್ನು ನೋಡಿಕೊಳ್ಳುತ್ತೇನೆ.

ಕಳೆದ ಗುರುವಾರ ಸಂಜೆ 4-30 ಕ್ಕೆ ಶಿಕ್ಷಕರ ಕೋಣೆಯಲ್ಲಿ ನಡಿಗೆಯ ಸಭೆ ನಡೆಯಿತು. ಸಮಿತಿಯ ಕಾರ್ಯದರ್ಶಿಗಳು ನೀರಿನ ಫಿಲ್ಟರ್ ಅಂಗಡಿ ಇಟ್ಟವರು, ಶಾಲೆಯ ಆಡಳಿತ ಮಂಡಳಿಯಲ್ಲೂ ಇದ್ದಾರೆ. ಸುಮಾರು 500 ಜನ ಸೇರುತ್ತಾರೆ, ಆಟದ ಮೈದಾನದಿಂದ ಹೊರಟು ಶಾಲೆಯ ಮುಂದೆ ಬಲಕ್ಕೆ ತಿರುಗಿ ಪುರಭವನ ತಲುಪಬೇಕು, ಒಟ್ಟು 4.2 ಕಿಲೋಮೀಟರ್, ಬರುವ ದೇಣಿಗೆಯಲ್ಲಿ ನೀರಿಲ್ಲದ ದೂರದ ಊರುಗಳಲ್ಲಿ ಬಾವಿ ತೋಡಿಸುವುದು ಎಂದು ಅವರು ವಿವರಿಸಿದರು. ನನಗೆ ಆ ಬಾವಿಗಳ ಮೇಲೆ ಸಿಟ್ಟಿಲ್ಲ. ಅಲ್ಲಿನ ಮಕ್ಕಳೂ ಮಕ್ಕಳೇ. ನಾನೂ ಹೆಸರು ಕೊಟ್ಟು ನೀಲಿ ಟೀ ಶರ್ಟ್ ತೆಗೆದುಕೊಂಡೆ. ಅದು ನನಗೆ ಮೊಣಕಾಲು ಮುಟ್ಟುತ್ತಿತ್ತು. ಶಾಲೆಯ ಮುಂದೆ ಎಡಕ್ಕೆ ಬರೀ 140 ಮೀಟರ್ ಬಂದರೆ ನಮ್ಮ ಓಣಿಯ ನಲ್ಲಿ ನೋಡಬಹುದು, ಐದು ನಿಮಿಷದ ಕೆಲಸ ಎಂದು ಸಭೆಯಲ್ಲಿ ಕೇಳಿಕೊಂಡೆ. ಅದಕ್ಕೆ ಕಾರ್ಯದರ್ಶಿಗಳು, ಅಮ್ಮಾ ಅದು ಬೇರೆ ವಿಷಯ, ಇದು ಬೇರೆ ವಿಷಯ, ಎರಡನ್ನೂ ಕಲಸಬೇಡಿ, ಅಲ್ಲದೆ ನಿಮ್ಮ ಓಣೀಲಿ ತಂತಿ ಜಾಸ್ತಿ, ಫೋಟೊ ತೆಗೆಯೋ ಡ್ರೋನ್ ಹಾರಲ್ಲ ಎಂದರು. ಕಲಸಿದ್ದು ನಾನಲ್ಲ, ಗುಂಡಿ ತೋಡಿದವರು ಎಂದೆ. ಯಾರೂ ನಗಲಿಲ್ಲ. ನಡಿಗೆಯ ಮುಂದೆ ಬಾವುಟ ಹಿಡಿಯುವ ಕೆಲಸವನ್ನು ನನಗೇ ವಹಿಸಿದರು. ಆ ಜಾಗದಲ್ಲಿ ವಾಹನಗಳು ಮಾತು ಕೇಳುವುದು ನನ್ನದನ್ನು ಮಾತ್ರ ಎಂದು ಅವರಿಗೂ ಗೊತ್ತು.

ಇಂದು ಬೆಳಿಗ್ಗೆ 7-00 ಕ್ಕೆ ಮೈದಾನದಿಂದ ಹೊರಟೆವು. ನಾನು ಮುಂದೆ, ನನ್ನ ಹಿಂದೆ ಬ್ಯಾನರ್ ಹಿಡಿದ ಒಂಬತ್ತನೇ ತರಗತಿಯ ನಾಲ್ವರು ಹುಡುಗಿಯರು, ಅವರ ಹಿಂದೆ ನಮ್ಮ ಮುಖ್ಯೋಪಾಧ್ಯಾಯಿನಿಯಾದ ದೊಡ್ಡ ಮೇಡಂ ಮತ್ತು ಕಾರ್ಯದರ್ಶಿಗಳು. 7-22 ಕ್ಕೆ ಶಾಲೆಯ ಮುಂದೆ ತಲುಪಿದೆವು. ಅಲ್ಲಿ ನಾನು ಒಂದು ಉದ್ದ ಸೀಟಿ ಹಾಕಿದೆ. ಎಲ್ಲರೂ ನಿಂತರು. ಬಾವುಟವನ್ನು ಎಡಕ್ಕೆ ಹಿಡಿದು ಎರಡು ಗಿಡ್ಡ ಸೀಟಿ ಹಾಕಿದೆ. ಹುಡುಗಿಯರು ಎಡಕ್ಕೆ ತಿರುಗಿದರು, ಮಿಕ್ಕವರು ಅವರ ಹಿಂದೆ ಬಂದರು. ಅಲ್ಲಿದ್ದ ಸಂಚಾರ ಪೇದೆಯವರು ವಾಹನ ತಡೆದು ದಾರಿ ಮಾಡಿಕೊಟ್ಟರು. ನನ್ನ ಸೀಟಿ ಕೇಳಿದರೆ ಕೈ ಎತ್ತುವುದು ಅವರಿಗೆ ರೂಢಿಯಾಗಿದೆ. ಅವರ ಮೇಲೆ ಕ್ರಮ ಕೈಗೊಳ್ಳಬಾರದು.

ಓಣಿಯ ಅಗಲ ಏಳು ಅಡಿ. ಮುಂದಿನ ಮುನ್ನೂರು ಜನ ಒಳಗೆ ಬಂದರು, ಹಿಂದಿನವರು ಮುಖ್ಯ ರಸ್ತೆಯಲ್ಲೇ ಉಳಿದರು. ವಾಹನ ಸಂಚಾರ 35 ನಿಮಿಷ ನಿಂತಿದ್ದು ನಿಜ. ಓಣಿಯ ಕೊನೆಯಲ್ಲಿ ಗೋಡೆ ಇರುವುದು ಗೊತ್ತಿರಲಿಲ್ಲವೇ ಎಂದು ಇನ್‌ಸ್ಪೆಕ್ಟರ್ ಸಾಹೇಬರು ಕೇಳಿದ್ದಾರೆ. ಮೂವತ್ತೊಂದು ವರ್ಷದಿಂದ ಅಲ್ಲಿದ್ದೇನೆ, ಗೊತ್ತಿತ್ತು. ಆಚೆಗೆ ದಾರಿ ಇದ್ದಿದ್ದರೆ ಮೂಗು ಮುಚ್ಚಿಕೊಂಡು ಹಾದುಹೋಗುತ್ತಿದ್ದರು. ಗೋಡೆ ಇದ್ದುದರಿಂದ ನಿಲ್ಲಲೇಬೇಕಾಯಿತು.

ಇಂದು ನೀರು ಬರುವ ದಿನ. ಪಕ್ಕದ ಮನೆಯ ಹೊಲಿಗೆಯಾಕೆ ಬಿಂದಿಗೆ ತುಂಬುತ್ತಿದ್ದಳು. ಇವಳಿಗಾಗಲಿ ಓಣಿಯ ಇನ್ನಾರಿಗಾಗಲಿ ನಾನು ಮೊದಲೇ ಹೇಳಿರಲಿಲ್ಲ. ಏನಕ್ಕಾ ಇದು, ಊರನ್ನೇ ಕರ್ಕೊಂಡು ಬಂದಿದೀಯಲ್ಲ, ನಾನಿನ್ನೂ ತಲೆ ಬಾಚಿಲ್ಲ ಎಂದು ನನ್ನ ಮೇಲೆ ರೇಗಿದಳು. ತಲೆ ಆಮೇಲೆ ಬಾಚು, ಲೋಟ ತಾ ಎಂದೆ. ಆರು ಲೋಟ ತಂದಳು. ನಲ್ಲಿಯಿಂದಲೇ ತುಂಬಿ ಮೊದಲನೆಯದನ್ನು ಕಾರ್ಯದರ್ಶಿಗಳಿಗೆ ಕೊಟ್ಟೆ. ಬಾಯಾರಿಕೆ ಇಲ್ಲ ಎಂದರು. ಅವರ ಮುಖ ಹುಳ್ಳಗಾಗಿತ್ತು, ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ದೊಡ್ಡ ಮೇಡಂ ಲೋಟ ತೆಗೆದುಕೊಂಡು ಮೂಸಿ, ಇದನ್ನೇ ಕುಡೀತೀರಾ ಎಂದು ಕೇಳಿದರು. ಕಾಯಿಸಿ ಕುಡಿಯುತ್ತೇವೆ, ಉಳಿದದ್ದಕ್ಕೆಲ್ಲ ಇದೇ ಎಂದೆ. ಅವರು ಲೋಟವನ್ನು ಕಟ್ಟೆಯ ಮೇಲಿಟ್ಟರು.

ಇಷ್ಟರಲ್ಲಿ ಬ್ಯಾನರಿನ ಬಲತುದಿ ಹಿಡಿದ ಹುಡುಗಿ ಒಂದು ಲೋಟವನ್ನು ಬಾಯಿಗೆ ಎತ್ತಿದಳು. ಇವಳನ್ನು ಒಂದನೇ ತರಗತಿಯಿಂದ ದಾಟಿಸಿದ್ದೇನೆ. ಸೀಟಿಯಮ್ಮ ಕೊಟ್ಟಿದ್ದು ಎಂದರೆ ಇವಳಿಗೆ ಅನುಮಾನವೇ ಬರುವುದಿಲ್ಲ. ದೊಡ್ಡವರು ಕುಡಿಯುವುದಿಲ್ಲ ಎಂದು ಲೆಕ್ಕ ಹಾಕಿದ್ದ ನಾನು ಮಕ್ಕಳ ಲೆಕ್ಕ ತಪ್ಪಿದ್ದೆ. ಎರಡು ಹೆಜ್ಜೆ ಹಾರಿ ಅವಳ ಕೈಗೆ ಹೊಡೆದೆ. ಲೋಟ ಬಿತ್ತು, ಬೆರಳಿನ ಗೆಣ್ಣು ಕೆಂಪಗಾಯಿತು. ವಿದ್ಯಾರ್ಥಿನಿಗೆ ಹೊಡೆದಳು ಎಂದು ಕಾರ್ಯದರ್ಶಿಗಳು ಕೊಟ್ಟ ದೂರಿನಲ್ಲಿ ಬರೆದಿರುವುದು ಸತ್ಯ. ಅವಳು ಅಳಲಿಲ್ಲ, ನಾನು ಅತ್ತೆ. ಇದೊಂದಕ್ಕೆ ಆ ಹುಡುಗಿಯ, ಅವಳ ತಂದೆತಾಯಿಯ ಕ್ಷಮೆ ಕೇಳುತ್ತೇನೆ. ಬೇರೆ ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

ಫೋಟೊ ತೆಗೆಯುವವರು ಹಿಂದೆ ಸರಿಯುತ್ತ ಚರಂಡಿಗೆ ಕಾಲು ಹಾಕಿ ಉಳುಕಿಸಿಕೊಂಡರು. ಆ ಚಪ್ಪಡಿ ಮುರಿದಿದೆ ಎಂದು ಮೂರನೇ ಅರ್ಜಿಯಲ್ಲಿ ಬರೆದಿದ್ದೆ. ಅವರ ಕಾಲಿಗೆ ಹೊಲಿಗೆಯಾಕೆಯೇ ಬಟ್ಟೆ ಸುತ್ತಿದಳು. 7-57 ಕ್ಕೆ ಎಲ್ಲರೂ ಹಿಂದೆ ತಿರುಗಿ ಹೊರಟರು. ನಾನು ಅವರನ್ನು ಬಲಕ್ಕೆ ದಾಟಿಸಿ, ಪುರಭವನದವರೆಗೆ ಪೂರ್ತಿ ನಡೆದೆ. ಅಲ್ಲಿ ಪೊಲೀಸರು ಕಾಯುತ್ತಿದ್ದರು.

ಠಾಣೆಯಲ್ಲಿ ಸಾಹೇಬರು, ಯಾರ ಕುಮ್ಮಕ್ಕಿನಿಂದ ಮಾಡಿದೆ ಎಂದು ಮೂರು ಸಲ ಕೇಳಿದರು. ಇದು ನನ್ನದೇ ತಲೆ. ಮೂರನೇ ಸಲವೂ ಅವರು ನಂಬದ ಕಾರಣ ನನಗೆ ಕೋಪ ಬಂತು, ಆ ಕೋಪವನ್ನೂ ದಾಖಲಿಸಬೇಕು. ಆಮೇಲೆ ಅವರೇ ಮೆತ್ತಗಾಗಿ, ಅಮ್ಮಾ, ಬಿಸಿಲಿಗೆ ಕಣ್ಣು ಕತ್ತಲೆ ಬಂತು, ಎಡ ಯಾವುದು ಬಲ ಯಾವುದು ಗೊತ್ತಾಗ್ಲಿಲ್ಲ ಅಂತ ಬರ್ಕೊಟ್ಟು ಮನೆಗೆ ಹೋಗಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ಎಡ ಬಲ ಗೊತ್ತಾಗದವಳ ಕೈಗೆ ಯಾವ ತಾಯಿ ಮಗುವನ್ನು ಕೊಡುತ್ತಾಳೆ? ಹಾಗೆ ಬರೆದುಕೊಟ್ಟರೆ ನನ್ನ ಕೆಲಸವನ್ನು ನಾನೇ ಕಳೆದುಕೊಂಡಂತೆ. ಒಪ್ಪಲಿಲ್ಲ.

ಮಧ್ಯಾಹ್ನ 1-10 ಕ್ಕೆ ಕಾರ್ಯದರ್ಶಿಗಳು ಠಾಣೆಗೆ ಬಂದರು. ತಪ್ಪಾಯಿತು, ಇನ್ನು ಇಂಥದ್ದು ಮಾಡುವುದಿಲ್ಲ ಎಂದು ಮುಚ್ಚಳಿಕೆ ಬರೆದುಕೊಟ್ಟರೆ ದೂರು ವಾಪಸು ಪಡೆಯುವುದಾಗಿಯೂ, ಕೆಲಸ ಉಳಿಯುವುದಾಗಿಯೂ, ನನ್ನ ಮನೆಗೆ ಒಂದು ಫಿಲ್ಟರ್ ಪುಕ್ಕಟೆ ಹಾಕಿಸುವುದಾಗಿಯೂ ಹೇಳಿದರು. ಮೊಮ್ಮಗಳ ಮುಖ ಕಣ್ಣ ಮುಂದೆ ಬಂತು. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಒಪ್ಪಿಬಿಡೋಣ ಎನಿಸಿತು. ಓಣಿಯಲ್ಲಿ ನಲವತ್ತೆರಡು ಮನೆ ಇವೆ, ಮಿಕ್ಕ ನಲವತ್ತೊಂದಕ್ಕೆ ಏನು ಎಂದು ಕೇಳಿದೆ. ನಿಮ್ಮ ಮನೆ ವಿಷಯ ಮಾತ್ರ ಮಾತಾಡಿ ಎಂದರು. ಮುಚ್ಚಳಿಕೆ ಬರೆಯುವುದಿಲ್ಲ ಎಂದೆ. ಹಾಗಾದರೆ ನಾಳೆ ಬೆಳಿಗ್ಗೆ 11-00 ಕ್ಕೆ ಆಡಳಿತ ಮಂಡಳಿ ಸಭೆ ಸೇರಿ ನಿಮ್ಮ ಕೆಲಸ ತೀರ್ಮಾನಿಸುತ್ತದೆ ಎಂದು ತಿಳಿಸಿ ಹೊರಟುಹೋದರು.

ಮೇಲಿನದನ್ನು ರೈಟರ್ ಅವರು ನನಗೆ ಓದಿ ಹೇಳಿದ್ದಾರೆ. ಎರಡು ಕಡೆ ‘ದಾರಿ ತಪ್ಪಿ’ ಎಂದಿತ್ತು, ಹೊಡೆದು ಹಾಕಿಸಿದ್ದೇನೆ. ಈಗ ಇದರಲ್ಲಿರುವುದೆಲ್ಲ ನಡೆದದ್ದು, ನಾನೇ ಹೇಳಿದ್ದು.

ಇನ್ನೊಂದು ಸಾಲು ಸೇರಿಸಬೇಕು. ನಾಳೆ ಸೋಮವಾರ, ಶಾಲೆ ಇದೆ. ಸಭೆ ಹನ್ನೊಂದಕ್ಕಾದರೆ ಮಕ್ಕಳು ರಸ್ತೆಯಾಚೆ ಹನ್ನೊಂದರವರೆಗೆ ಕಾಯುವುದಿಲ್ಲ. ಕೆಲಸ ಇದ್ದರೂ ಇಲ್ಲದಿದ್ದರೂ 8-10 ಕ್ಕೆ ನಾನು ನನ್ನ ಜಾಗದಲ್ಲಿರುತ್ತೇನೆ. ನನ್ನನ್ನು ಹಿಡಿದುಕೊಂಡು ಹೋಗುವುದಿದ್ದರೆ ಒಂಬತ್ತು ಗಂಟೆಯ ಮೇಲೆ ಬರತಕ್ಕದ್ದು.

ಸ್ಥಳ: ಠಾಣೆಯ ರೈಟರ್ ಕೋಣೆ
ದಿನ: ನಡಿಗೆ ನಡೆದ ಭಾನುವಾರ, ಮಧ್ಯಾಹ್ನ 2-40
(ಸಹಿ)