ಹಸಿರು ಕೈಯ ಪಾಠ

ಎಸ್ಬಿಯರ್ ಬಂದರಿನಲ್ಲಿ ದ್ವೀಪದ ದೋಣಿಗೆ ಕಾಯುತ್ತಿದ್ದ ಇಂಗೆಲಿಸ್ ಕಿವಿಯನ್ನು ಪಕ್ಕದ ಬೆಂಚಿಗೆ ಕೊಟ್ಟಿದ್ದಳು. ಅಲ್ಲಿ ಕೂತಿದ್ದವರು ಕಡಲ ಗಾಳಿಯಂತ್ರಗಳ ಮೆಕ್ಯಾನಿಕ್ಕುಗಳು, ತಲೆ ನರೆತ ಪ್ರೇಬೆನ್ ಮತ್ತು ಹೊಸಬಳಾದ ಮಾರೆನ್.

"ತರಬೇತೀಲಿ ಫೇಲಾದೋರು ಕೇಕು ತರ್ಬೇಕು. ನಿಂದೆಲ್ಲಿ?" ಎಂದಳು ಮಾರೆನ್.

"ಆ ತರಬೇತಿ ಕನ್ನಡಕಾನೇ ತರ್ಲಿ," ಎಂದ ಪ್ರೇಬೆನ್. "ನನ್ನ ಫೇಲ್ ಮಾಡಿದ್ದು ಅದೇ. ಅದನ್ನ ಹಾಕ್ಕೊಂಡ್ರೆ ಬೋಲ್ಟಿನ ಮೇಲೆ ಒಂದು ಹಸಿರು ಕೈ ಕಾಣುತ್ತೆ, ಅದು ಮಾಡಿದ ಹಾಗೇ ಮಾಡ್ಬೇಕು."

"ಆ ಕೈ ನಿಂದೇ ಅಲ್ವಾ ಮಾರಾಯ? ನೀನು ಬೋಲ್ಟು ಬಿಗಿಯೋದನ್ನೇ ವಿಡಿಯೋ ಮಾಡ್ಕೊಂಡಿದ್ರಲ್ಲ."

"ನಂದೇ. ನನ್ನ ಹಾಗೆ ಮಾಡೋಕೆ ನಂಗೆ ಬರಲ್ವಂತೆ. ತೋರುಬೆರಳು ಗಿಡ್ಡ ಆಯ್ತಂತೆ."

"ಅದು ಇರೋದೇ ಅರ್ಧ."

"ಪಾಠದಲ್ಲಿ ಪೂರ್ತಿ ಬೆಳೆಸಿದಾರೆ. ಮೊಂಡು ಬೆರಳು ನೋಡಿದ್ರೆ ಕಲಿಯೋರು ಹೆದರ್ತಾರಂತೆ. ಈಗ ಆ ಬೆಳೆಸಿದ ತುದಿ ಬೋಲ್ಟು ಬಿಗಿಯೋ ಯಂತ್ರದ ಸಂದಿ ಒಳಗೇ ಹೋಗುತ್ತೆ."

"ನಿಂದು ತುಂಡಾಗಿದ್ದು?"

"ಅದೇ ಸಂದೀಲಿ."

ಮಾರೆನ್ ತನ್ನ ಬೆರಳುಗಳನ್ನು ನೋಡಿಕೊಂಡಳು. "ನಂಗೆ ನೂರಕ್ಕೆ ನೂರು ಬಂತು."

"ಬರದೇ ಏನು, ಹತ್ತು ಬೆರಳೂ ಇದಾವಲ್ಲ. ಸಂಜೆಗೂ ಹತ್ತೇ ತಗೊಂಡು ಬಾ."

ಗಾಳಿಯಂತ್ರಗಳಿಗೆ ಹೋಗುವ ಕೆಲಸದ ದೋಣಿ ಕೂಗಿತು. ಮಾರೆನ್ ತನ್ನ ತರಬೇತಿ ಕನ್ನಡಕವನ್ನು ಅವನ ತೊಡೆಯ ಮೇಲಿಟ್ಟು ಹೋಗಿ ದೋಣಿ ಹತ್ತಿದಳು. ಪ್ರೇಬೆನ್ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮರುಪರೀಕ್ಷೆಗೆ ನಡೆದ.