ಕಲ್ಲೇಶನ ಫೋನಿಗೆ ಹಾಕಿದ ತಡೆ

ಒಂದೇ ಸಲ ಹೇಳ್ತೀನಿ. ಹೇಳಿ ಹೇಳಿ ನನಗೂ ಸಾಕಾಗಿದೆ. ಲೈಟು ಆರಿಸಬೇಡ್ರಿ... ಇರಲಿ.

ನಮ್ಮ ಚಿಕ್ಕಪ್ಪನ ಮಗ ತಿಪ್ಪೇಶ ಹಿರಿಯೂರಲ್ಲಿ ಕಂಪ್ಯೂಟರ್ ರಿಪೇರಿ ಮಾಡ್ತಾನೆ. ಅವತ್ತು ಯಲ್ಲದಕೆರೆಯಲ್ಲಿ ಬಸ್ಸಿಳಿದಾಗಲೇ ಹೊತ್ತು ಮುಳುಗಿತ್ತು. ಆಲದಮರ ದಾಟುವಾಗ ಒಂದು ಎಲೆಯೂ ಅಲ್ಲಾಡ್ತಿರಲಿಲ್ಲವಂತೆ. ಬೆಳಗಿಂದ ದುಡಿದವನು, ಕಾಲೆಳೆದುಕೊಂಡು, ಕಂಪ್ಯೂಟರ್ ನೋಡಬೇಕು ಬಾ ಅಂತ ಕರೆದಿದ್ದ ಬಿಂದುವಿನ ಮನೆ ಸೇರಿದ.

ಬಿಂದುವಿನ ಗಂಡ ಕಲ್ಲೇಶ ತೀರಿಕೊಂಡು ಮೂರು ತಿಂಗಳಾಗಿತ್ತು. ಅವನ ನಗು, ಮಾತು, ಮಗಳ ಮೊದಲ ಹೆಜ್ಜೆ... ಎಲ್ಲ ಆ ಕಂಪ್ಯೂಟರಿನಲ್ಲೇ. ಹಿಂದೊಮ್ಮೆ ಯಾರೋ ಕಳ್ಳರು ಇಂಟರ್ನೆಟ್ಟಿಂದ ನುಗ್ಗಿ ಅರ್ಧ ಫೋಟೊ ಹಾಳು ಮಾಡಿದ್ದರು. ಆಮೇಲೆ ತಿಪ್ಪೇಶನೇ ಎರಡು ಕಾವಲು ಇಟ್ಟಿದ್ದ. ಇಂಟರ್ನೆಟ್ ಲೈನು ಒಳಬರುವಲ್ಲಿ, ಹೊರಗಿನವರನ್ನ ತಡೆಯೋ ಒಂದು ಫೈರ್‌ವಾಲ್ ಪೆಟ್ಟಿಗೆ, ಕಂಪ್ಯೂಟರಿನೊಳಗೆ ಇನ್ನೊಂದು ಫೈರ್‌ವಾಲ್. ಏಳು ಸುತ್ತಿನ ಕೋಟೆ ಕಟ್ಟಿದ ಜಿಲ್ಲೆ ನಮ್ಮದು, ಎರಡಕ್ಕೇ ಸುಮ್ಮನಾದೆವು ಅಂತ ನಗ್ತಿದ್ದ.

"ದಿನಾ ಏಳು ನಲವತ್ತಕ್ಕೆ ಯಾರೋ ಒಳಗ್ ಬರಾಕೆ ನೋಡ್ತಾರಣ್ಣ," ಬಿಂದು ಪಿಸುಗುಟ್ಟಿದಳು.

ಏಳು ನಲವತ್ತಾಯ್ತು. ಪೆಟ್ಟಿಗೆಯ ದೀಪ ಪಟಪಟ ಮಿನುಗಿತು. ಕಂಪ್ಯೂಟರ್ 'ಟುಣ್' ಅಂತು. ಪರದೆ ಮೇಲೆ ಒಂದು ಪ್ರಶ್ನೆ: 'ಕಲ್ಲೇಶ್ ಫೋನ್. ಒಳಗೆ ಬಿಡಬಹುದೇ?'

"ಈ ಫೋನ್ ಎಲ್ಲೈತೆ ಬಿಂದಮ್ಮ?"

"ಹಿಂದ್ಲ ಹೊಲದಾಗೆ... ಅವರ ಜತೆ. ಮಣ್ಣು ಮಾಡುವಾಗ ನಾನೇ ಜೇಬಿಗಿಟ್ಟೆ."

ಮೂರು ತಿಂಗಳು ಯಾವ ಬ್ಯಾಟರಿ ಬಾಳುತ್ತೆ ಹೇಳ್ರಿ? ಯಾವನೋ ಕಳ್ಳ ಹೆಸರು ಕದ್ದಿದ್ದಾನೆ ಅಂದುಕೊಂಡ ತಿಪ್ಪೇಶ. ಎರಡೂ ಕಡೆ 'ಬೇಡ' ಒತ್ತಿದ. ದೀಪ ನಿಂತಿತು.

ಆಗ ಹಿಂಬಾಗಿಲು... ಟಕ್. ಟಕ್... ಟಕ್. ಬೆರಳ ಗೆಣ್ಣಿನ ಸದ್ದು. ಮೆತ್ತಗೆ. ದುಡಿದು ಸುಸ್ತಾಗಿ ಮನೆಗೆ ಬಂದವರು ಬಡಿಯುವ ಹಾಗೆ.

ಬಿಂದು ಅತ್ತೇಬಿಟ್ಟಳು. "ದಿನಾ ಈ ಹೊತ್ತಿಗೆ ಬಂದು, ಫೋನಿನಾಗಿನ ಫೋಟೊ ಕಂಪ್ಯೂಟರಿಗೆ ಹಾಕಿಟ್ಟೇ ಉಣ್ಣೋರು. ತಡೆ ತಗೀರಣ್ಣ. ಇರೋ ಫೋಟೊ ಹೋದ್ರೆ ಹೋಗ್ಲಿ... ಅವರನ್ನ ಹೊರಗೆ ನಿಲ್ಲಿಸ್ಬ್ಯಾಡ್ರಿ."

ತಿಪ್ಪೇಶ ಎರಡೂ ತಡೆ ತೆಗೆದ. ಬಾಗಿಲ ಸದ್ದೂ ನಿಂತಿತು.

ಹಳೆ ಫೋಟೊ ಒಂದೂ ಹೋಗಲಿಲ್ಲ. ದಿನಕ್ಕೊಂದು ಹೊಸದು ಬಂದು ಸೇರ್ತಿದೆ, ಅಷ್ಟೆ. ಸುಳ್ಳಲ್ಲ, ಮೊನ್ನೆ ನಾನೇ ಹೋಗಿ ತೆರೆದು ನೋಡಿದೆ. ಒಂದೊಂದರ ಮೇಲೂ ಆಯಾ ದಿನದ ತಾರೀಖು, ಏಳು ನಲವತ್ತು. ಫೋಟೊ ಮಾತ್ರ ಪೂರ್ತಿ ಕಪ್ಪು.