ಗಂಡಸರೆಲ್ಲ ಇಳಿದು ನಿಂತ ಬಸ್ಸು

…ಹಂಗಲ್ಲ ಕಣೇ ಸಿಂಚನ, ನಿಮ್ಮಪ್ಪ ಹೇಳಿದ್ದನ್ನೆಲ್ಲ ನಂಬ್ಕೋಬೇಡ. ಅವ್ನಿಗೇನು, "ನಮ್ಮ ಕಾಲದಲ್ಲಿ ಡ್ರೈವರ್ರು ಹಾರನ್ ಹೊಡ್ಕೊಂಡು ಜನಕ್ಕೆ ಕಾಯೋರು, ಈಗಿನೋರು ಕೈ ಅಡ್ಡ ಹಿಡಿದ್ರೂ ನಿಲ್ಸಲ್ಲ" ಅಂತ ಬೈಕೊಂಡು ಬೈಕ್ ಹತ್ತಿ ಕುಶಾಲನಗರದ ಕಡೆ ಹೋದ. ನೀನು "ಬಸ್ಸು ನಿಲ್ಲಿಸ್ಲಿಲ್ಲ ಅಪ್ಪ" ಅಂದೆ, ಅವ್ನು ನಂಬಿದ. ನಾನು ನಂಬ್ಲಿಲ್ಲ. ಇಲ್ಲೇ ಜಗುಲೀಲಿ ಅವರೆಕಾಯಿ ಬಿಡಿಸ್ತಾ ಕೂತಿದ್ನಲ್ಲ. ಕಣ್ಣು ಮಂಜಾಗಿದೆ ನಿಜ, ಆದ್ರೆ ಬಸ್ಸಿನಷ್ಟು ದೊಡ್ಡದು ಕಾಣದಷ್ಟು ಮಂಜಾಗಿಲ್ಲ. ಬಸ್ಸು ನಿಂತಿತ್ತು. ನೀನು ಒಂದು ಕಾಲು ಮೆಟ್ಲ ಮೇಲಿಟ್ಟೆ, ಹಿಂದಿದ್ದ ಹುಡುಗಿ ನಿನ್ನ ಕಿವೀಲಿ ಏನೋ ಅಂದ್ಳು, ನೀನು ಬ್ಯಾಗನ್ನ ಹಿಂದಕ್ಕೆ ಅಡ್ಡ ಹಿಡ್ಕೊಂಡು ಓಡಿ ಬಂದೆ. ಬಂದೋಳು ಸೀದಾ ಬಚ್ಚಲಿಗೆ ಹೋದೆ, ಚೂಡಿದಾರ್ ಬದಲಾಯಿಸ್ದೆ. ಈಗ ನೋಡಿದ್ರೆ "ತಲೆನೋವು ಅಜ್ಜಿ, ಇವತ್ತು ಹೋಗಲ್ಲ" ಅಂತೀಯ. ಮಡಿಕೇರೀಲಿ ಪ್ರಾಕ್ಟಿಕಲ್ ಪರೀಕ್ಷೆ ಇರೋ ದಿನ ಬರೋ ತಲೆನೋವು ನಂಗೆ ಗೊತ್ತಾಗಲ್ವಾ? ಅಳಬೇಡ. ಕೂತ್ಕೋ ಇಲ್ಲಿ, ಈ ಮೊರ ಆ ಕಡೆ ತಳ್ಳು. ಒಂದು ಹೇಳ್ತೀನಿ, ನಿಮ್ಮ ತಾತಂಗೂ ಹೇಳಿರ್ಲಿಲ್ಲ ಇದನ್ನ.

ನಾವು ಅರಕಲಗೂಡು ಕಡೆಯೋರಲ್ವಾ, ಇಲ್ಲಿಗೆ ಬಂದು ಗದ್ದೆ ಗೇಣಿಗೆ ಮಾಡ್ಕೊಂಡಿದ್ವಿ. ಆಗ ಈ ಮನೆ ಎಲ್ಲಿತ್ತು? ಒಳಗೆ, ಬಯಲಿನ ಆಚೆ ಇದ್ವಿ, ರಸ್ತೆಗೆ ಬರಬೇಕಂದ್ರೆ ಬದುವಿನ ಮೇಲೆ ಜಾರ್ಕೊಂಡು ಜಾರ್ಕೊಂಡು ಬರ್ಬೇಕು. ನೆಲ್ಯಹುದಿಕೇರಿ ಕಡೆಗೆ ಬೆಳಗ್ಗೆ ಒಂದು ಬಸ್ಸು, ಸಾಯಂಕಾಲ ಅದೇ ಬಸ್ಸು ವಾಪಸ್ಸು. ಮಧ್ಯಾಹ್ನ ಇನ್ನೊಂದಿತ್ತು... ಇಲ್ಲ ಇಲ್ಲ, ಅದು ಆಮೇಲೆ ಬಂತು, ನಿಮ್ಮಪ್ಪ ಹುಟ್ಟಿದ್ಮೇಲೆ. ಕಾಯೋರು ಅಂತಾನಲ್ಲ ಅವ್ನು, ಕಾಯೋರು, ಸುಳ್ಳಲ್ಲ. ಯಾರಿಗೆ ಕಾಯೋರು ಅಂತ ಕೇಳು. ತೋಟದ ಸಾಹುಕಾರ್ರು ಮನೇಲಿ ಕಾಫಿ ಕುಡೀತಾ ಇದ್ರೆ ಗೇಟಿನ ಹತ್ರ ಬಸ್ಸು ಇಂಜಿನ್ ಆರಿಸಿ ನಿಲ್ಲೋದು, ಅವರು ಬಾಯಿ ಒರೆಸ್ಕೊಂಡು ಬರೋವರೆಗೂ. ನಾವು ಬದುವಿನ ಮೇಲೆ "ಹೋಯ್, ಹೋಯ್" ಅಂತ ಕೂಗ್ಕೊಂಡು ಓಡಿ ಬಂದ್ರೆ, ಹೊಗೆ ಮುಖಕ್ಕೆ ಬಿಟ್ಟು ಹೋಗೋದು. ಹತ್ತಿದ್ರೂ ಏನು ಸುಖ? ಕಿಟಕಿಗೆ ಗಾಜಿಲ್ಲ, ಟಾರ್ಪಾಲು ಇಳಿಬಿಟ್ಟಿರೋರು. ಮಳೆಗಾಲದಲ್ಲಿ ಮೇಲ್ಗಡೆಯೆಲ್ಲ ಸೋರಿ ಬಸ್ಸಿನೊಳಗೇ ಕೊಡೆ ಬಿಚ್ಚೋರು, ಒಬ್ಬರ ಕೊಡೆ ನೀರು ಇನ್ನೊಬ್ಬರ ಬೆನ್ನಿಗೆ. ಕೋಳಿ, ಹಲಸಿನ ಹಣ್ಣು, ಒಣ ಮೀನಿನ ಬುಟ್ಟಿ, ಗೊಬ್ಬರದ ಚೀಲ, ಅದರ ಮಧ್ಯ ನಾವು. ಚೆನ್ನಾಗಿತ್ತಂತೆ, ಚೆನ್ನಾಗಿತ್ತು!

ಅಪ್ಪ, ಅಂದ್ರೆ ನನ್ನಪ್ಪ, ನಿನ್ನ ಮುತ್ತಜ್ಜ, ಮರಗಸಿಗೆ ಹೋಗೋನು. ತೋಟದಲ್ಲಿ ನೆರಳು ಜಾಸ್ತಿ ಆದ್ರೆ ಮರ ಹತ್ತಿ ಕೊಂಬೆ ಕಡೀತಾರಲ್ಲ, ಅದು. ಒಂದಿನ ಮೇಲಿಂದ ಬಿದ್ದ. ಸೊಂಟ ಹೋಯ್ತು, ಚಾಪೆ ಬಿಟ್ಟು ಏಳಂಗಿಲ್ಲ. ನಾನು ಮನೇಗೆ ದೊಡ್ಡೋಳು, ಏಳನೇ ಕ್ಲಾಸು ಓದಿದ್ದೆ. ಒಂದು ದೊಡ್ಡ ಎಸ್ಟೇಟಿನೋರು ಲೈನ್ ಮನೆಗಳಲ್ಲಿರೋ ಕೂಲಿಯೋರ ಮಕ್ಕಳನ್ನ ನೋಡ್ಕೊಳ್ಳಕ್ಕೆ, ಅಕ್ಷರ ಹೇಳ್ಕೊಡಕ್ಕೆ ಅಂತ ಒಂದು ಬಾಲವಾಡಿ ಮಾಡಿದ್ರು, ಅಲ್ಲಿ ನನ್ನ ತಗೊಂಡ್ರು. ತಗೊಂಡ್ರು ಅಂದ್ರೆ, "ಒಂದು ತಿಂಗಳು ಬಾ, ನೋಡೋಣ" ಅಂದಿದ್ರು ತೋಟದ ಲೆಕ್ಕ ಬರೆಯೋ ರೈಟರ್. ತಿಂಗಳು ಮುಗಿಯೋ ದಿನ ತೋಟದ ಅಮ್ಮಾವ್ರೇ ಬಂದು ನೋಡಿ, ಇರ್ಲಿ ಅಂದ್ರೆ ಇರೋದು, ಬೇಡ ಅಂದ್ರೆ ಮನೆ. ಆ ದಿನವೇ ನಾನು ಹೊರಗಾಗಿದ್ದೆ. ನೋಡು ನಗ್ತೀಯ, ಹೊರಗಾಗೋದು ಅಂದ್ರೆ ನಿಮ್ಮ ಪೀರಿಯಡ್ಡು ಕಣೇ. ನಿಮ್ಮ ಥರ ಅಂಗಡೀಲಿ ಸಿಗೋ ಪ್ಯಾಡು ಇತ್ತಾ ನಮ್ಗೆ? ಹಳೇ ಸೀರೆ ತುಂಡು. ಅದನ್ನ ಬಿಸಿಲಲ್ಲಿ ಒಣಗ್ಸಂಗಿಲ್ಲ, ಗಂಡಸರು ನೋಡ್ತಾರೆ. ಒಲೆ ಹತ್ರ ಒಣಗ್ಸಂಗಿಲ್ಲ, ಮೈಲಿಗೆ. ಕೊಟ್ಟಿಗೇಲಿ ಹಗ್ಗದ ಮೇಲೆ ಹಾಕಿ, ಅದರ ಮೇಲೆ ಗೋಣಿ ಮುಚ್ಚೋದು. ಆಷಾಢದ ಮಳೇಲಿ ಗೋಣಿ ಅಡಿ ಬಟ್ಟೆ ಒಣಗುತ್ತಾ? ಹಸಿ ಬಟ್ಟೇನೇ ಕಟ್ಕೊಂಡು, ಪಕ್ಕದ್ಮನೆ ಅಕ್ಕನ ಹತ್ರ ಬೇಡಿ ತಂದ ತಿಳಿ ಹಳದಿ ಸೀರೆ ಉಟ್ಕೊಂಡು ಹೊರಟೆ. ಅಮ್ಮಾವ್ರು ಬರ್ತಾರಲ್ಲ, ಚೆನ್ನಾಗಿ ಕಾಣ್ಬೇಕಲ್ಲ.

ಆವತ್ತು ನನ್ನ ಗ್ರಹಚಾರಕ್ಕೆ ಸೀಟು ಸಿಕ್ತು. ದಿನಾ ನಿಂತ್ಕೊಂಡು ಹೋಗೋಳಿಗೆ ಆವತ್ತೇ ಸಿಗ್ಬೇಕಾ! ಕೂತೆ. ಸ್ವಲ್ಪ ದೂರ ಹೋದ್ಮೇಲೆ ಒಬ್ಬ ಅಜ್ಜಯ್ಯ ಕೋಲೂರ್ಕೊಂಡು ಹತ್ತಿದ. ವಯಸ್ಸಾದೋರು ಬಂದ್ರೆ ಏಳ್ಬೇಕು, ಹಂಗೆ ಬೆಳೆಸಿದ್ರು ನಮ್ಮನ್ನ, "ಕೂತ್ಕೊಳಿ ಅಜ್ಜಯ್ಯ" ಅಂತ ಎದ್ದೆ. ಅಜ್ಜಯ್ಯ ಕೂರಕ್ಕೆ ಬಗ್ಗಿದೋನು ಹಂಗೇ ನಿಂತ. ಸೀಟು ನೋಡ್ದ, ನನ್ನ ನೋಡ್ದ, ಮುಖ ಆ ಕಡೆ ತಿರುಗಿಸ್ಕೊಂಡ. ಕಂಡಕ್ಟರ್ ದೂರದಿಂದ್ಲೇ, "ಯಾಕಜ್ಜ, ಮರ್ಯಾದೆಯಿಂದ ಸೀಟು ಕೊಟ್ಟವ್ಳೆ, ಕೂರಕ್ಕೇನು?" ಅಂತ ಬಂದ. ಬಂದು ನೋಡಿ, "ಏಯ್, ಇದೇನಿದು? ಯಾರು ಕೂತಿದ್ದು ಇಲ್ಲಿ?" ಅಂತ ಜೋರಾಗಿ. ಇಡೀ ಬಸ್ಸು ತಿರುಗ್ತು. ಅಜ್ಜಯ್ಯ ಪಾಪ, "ಜಿಗಣೆ ಇರ್ಬೇಕು ಬಿಡಪ್ಪ, ಜಿಗಣೆ ಕಚ್ಚಿದ್ರೆ ಹಂಗೇ ರಕ್ತ" ಅಂದ. ಮಳೆಗಾಲ, ಜಿಗಣೆ ಕಾಲ, ನಂಬೋ ಮಾತೇ. ಆದ್ರೆ ದೇವಸ್ಥಾನಕ್ಕೆ ಹೂವಿನ ಬುಟ್ಟಿ ತಗೊಂಡು ಹೊರಟಿದ್ದ ಒಬ್ಳು, "ಜಿಗಣೆಯಂತೆ ಜಿಗಣೆ, ನಮ್ಗೆ ಗೊತ್ತಿಲ್ವಾ! ಇಂಥ ದಿನದಲ್ಲಿ ಮನೇಲಿ ಬಿದ್ದಿರಕ್ಕಾಗಲ್ವಾ ಇವಕ್ಕೆ" ಅಂತ ಬುಟ್ಟಿ ಎತ್ತಿ ತಲೆ ಮೇಲೆ ಇಟ್ಕೊಂಡ್ಳು. ನಂಗೆ ಹೆಂಗಾಯ್ತು ಅಂದ್ರೆ... ಹೆಂಗೆ ಹೇಳ್ಲಿ, ನೋಡು ಈಗ್ಲೂ ಕಿವಿ ಬಿಸಿ ಆಗ್ತಿದೆ. ಕಣ್ಣೆತ್ತಿದ್ರೆ ತಾನೇ ಯಾರು ಯಾರು ನೋಡ್ತಿದ್ದಾರೆ ಅಂತ ಗೊತ್ತಾಗೋದು, ನಾನು ಎತ್ಲೇ ಇಲ್ಲ. "ಇಳೀತೀನಿ, ನಿಲ್ಸಿ" ಅಂದೆ. ಇಳಿದ್ರೆ ಕೆಲಸ ಹೋಯ್ತು ಅಂತ ಗೊತ್ತು, ಮನೇಲಿ ಅಪ್ಪ ಮಲಗಿದ್ದಾನೆ ಅಂತ ಗೊತ್ತು, ಆದ್ರೂ ಇಳಿದು ತೋಟದೊಳಗೆ ಓಡಿ ಹೋಗ್ಬಿಡಣ ಅನ್ನಿಸ್ತು.

ಆಗ ಹಿಂದಿನ ಸೀಟಿಂದ ಒಬ್ರು ಕೊಡವರ ಅಜ್ಜಿ ಎದ್ದು ಬಂದ್ರು. ಗಟ್ಟಿ ಹೆಂಗಸು, ತಲೆಗೆ ವಸ್ತ್ರ ಕಟ್ಟಿ, ಬಾಯ್ತುಂಬ ಎಲೆ ಅಡಿಕೆ. ನನ್ನ ತೋಳು ಹಿಡ್ಕೊಂಡು, "ಎಲ್ಲಿ ಇಳಿಯೋದು ಕುಂಞಿ ನೀನು?" ಅಂದ್ರು. ಕುಂಞಿ ಅಂದ್ರೆ ಅವ್ರಲ್ಲಿ ಮಗೂ ಅಂತ. ನಾನು ಕೆಲಸದ ವಿಷಯ ಏನೋ ತೊದಲಿದೆ. ಅವರು ಡ್ರೈವರ್ ಕಡೆ ತಿರುಗಿ, "ನಿಲ್ಸು ಗಾಡಿ. ಗಂಡಸರೆಲ್ಲ ಇಳೀರಿ ಕೆಳಗೆ!" ಅಂದ್ರು. ಡ್ರೈವರ್ರು, "ಮಳೆ ಹೊಯ್ತಾ ಇದೆ ತಾಯಿ" ಅಂದ. "ನಿಮ್ಮ ಅಮ್ಮಂದಿರು ಹೆತ್ತಾಗ ನೀವೆಲ್ಲ ಒದ್ದೆ ಆಗೇ ಬಂದಿದ್ದು, ಇನ್ನೊಂದ್ಸಲ ಆದ್ರೆ ಸಾಯಲ್ಲ. ಇಳೀರಿ!" ಇಳಿದ್ರು ಕಣೇ! ಕಂಡಕ್ಟರ್ರು, ಡ್ರೈವರ್ರು, ಅಜ್ಜಯ್ಯ, ಬೀಡಿ ಸೇದ್ತಿದ್ದೋರು, ಎಲ್ಲ. ಟಾರ್ಪಾಲು ಇಳಿಬಿಟ್ಟು, ಆ ಅಜ್ಜಿ ನನ್ನ ಸೀರೆ ಬಿಚ್ಚಿ, ಅವ್ರ ಥರ ಉಡಿಸಿದ್ರು. ನೋಡಿದ್ದೀಯಲ್ಲ, ಕೊಡಗಿನೋರು ನೆರಿಗೆಯನ್ನ ಹಿಂದಕ್ಕೆ ಸಿಗಿಸ್ತಾರೆ, ಸೆರಗು ಕಂಕುಳಡಿ ತಂದು ಭುಜದ ಮೇಲೆ ಪಿನ್ನು. ಕಲೆ ಇದ್ದ ಜಾಗ ಒಳಗೆ ಮಡಚಿ, ಅದರ ಮೇಲೆ ಅಷ್ಟೂ ನೆರಿಗೆ. ಯಾರು ಹುಡುಕಿದ್ರೂ ಕಾಣಲ್ಲ. ಅವರ ತಲೆವಸ್ತ್ರ ಬಿಚ್ಚಿ ಎರಡು ಮಡಿಕೆ ಮಾಡಿ ಕೊಟ್ರು ಕಟ್ಕೊಳ್ಳಕ್ಕೆ. ದೇವರು ಅವ್ರನ್ನ ಚೆನ್ನಾಗಿಟ್ಟಿರ್ಲಿ, ಎಲ್ಲಿದ್ರೂ. ಆದ್ರೆ ನಾನು ಟಾರ್ಪಾಲಿನ ಸಂದೀಲಿ ನೋಡ್ದೆ. ಹೊರಗೆ ಅಷ್ಟು ಜನ ಗಂಡಸರು ಮಳೇಲಿ ಸಾಲಾಗಿ ನಿಂತಿದ್ದಾರೆ, ಒಬ್ರೂ ಮಾತಾಡ್ತಿಲ್ಲ, ಯಾಕೆ ನಿಂತಿದ್ದೀವಿ ಅಂತ ಪ್ರತಿಯೊಬ್ಬಂಗೂ ಗೊತ್ತು. ಬೈದಿದ್ರೆ ವಾಸಿಯಾಗಿತ್ತು. ಒಳ್ಳೇದು ಮಾಡಿದ್ರಲ್ಲ, ಅದೇ ನಂಗೆ ತಡಕೊಳ್ಳಕ್ಕಾಗ್ಲಿಲ್ಲ.

ತೋಟ ಮುಟ್ಟಿದ್ನಾ, ಅಮ್ಮಾವ್ರು ಆಗ್ಲೇ ಬಂದು ಕೂತಿದ್ರು. ಅವ್ರೂ ಕೊಡವರೇ. ನನ್ನ ಉಡುಗೆ ನೋಡಿ ಮುಖ ಅರಳ್ತು, ನಮ್ಮೋಳೇ ಅಂದ್ಕೊಂಡು ಕೊಡವ ತಕ್ಕಲ್ಲಿ, ಅವ್ರ ಭಾಷೇಲಿ, ಏನೇನೋ ಕೇಳಕ್ಕೆ ಶುರು ಮಾಡಿದ್ರು. ನಂಗೆ ಒಂದಕ್ಷರ ಬರ್ಬೇಕಲ್ಲ! ರೈಟರ್ ಕಿಸಕ್ಕಂತ ನಕ್ಕು, "ಅಮ್ಮಾ, ಇವ್ಳು ಅರಕಲಗೂಡು ಕಡೆಯೋಳು, ಇವತ್ತು ನಿಮ್ಮನ್ನ ಮೆಚ್ಸಕ್ಕೆ ವೇಷ ಹಾಕ್ಕೊಂಡು ಬಂದವ್ಳೆ" ಅಂದ. ಅಮ್ಮಾವ್ರ ಮುಖ ಗಂಟಾಯ್ತು. "ಯಾರು ಹೇಳಿದ್ದು ನಿಂಗೆ ಹೀಗೆ ಮಾಡಕ್ಕೆ?" ಅಂದ್ರು. ಆಯ್ತು, ಹೋಯ್ತು ಕೆಲಸ ಅಂದ್ಕೊಂಡೆ. "ಬಸ್ಸಲ್ಲಿ ಒಬ್ರು ಅಜ್ಜಿ ಉಡಿಸಿದ್ರು" ಅಂದೆ. "ಬಸ್ಸಲ್ಲಾ? ಬಸ್ಸಲ್ಲಿ ಯಾರಾದ್ರೂ ಸೀರೆ ಉಡಿಸ್ತಾರಾ?" ನಾನು ನೆಲ ನೋಡ್ತಾ ಅಳಕ್ಕೆ ಶುರು ಮಾಡ್ದೆ. ಅವ್ರೂ ಹೆಂಗಸಲ್ವಾ, ಅರ್ಥ ಆಯ್ತು. ರೈಟರ್‌ಗೆ "ನೀವು ಹೊರಗೆ ಇರಿ" ಅಂದ್ರು. ಆಮೇಲೆ ನಂಗೆ, "ಹಿಂದುಗಡೆ ಬಿಸಿ ನೀರಿದೆ, ಹೋಗಿ ತೊಳ್ಕೊಂಡು ಬಾ. ಮಕ್ಕಳು ಕಾಯ್ತಾ ಇದ್ದಾರೆ" ಅಂದ್ರು. ಅಷ್ಟೇ. ಕೆಲಸ ಉಳೀತು, ಆ ಕೆಲಸದಲ್ಲೇ ನಾವು ಉಂಡಿದ್ದು ಎಷ್ಟೋ ವರ್ಷ.

ಇಲ್ಲಿಗೆ ಮುಗೀತು ಅಂದ್ಕೊಂಡ್ಯಾ? ಸಾಯಂಕಾಲ ಅದೇ ಬಸ್ಸು, ಅದೇ ಕಂಡಕ್ಟರ್ರು, ಬೆಳಗ್ಗೆ ಮಳೇಲಿ ನಿಂತಿದ್ದ ಅದೇ ಮುಖಗಳು. ಮಾರನೇ ದಿನವೂ ಅವೇ. ಯಾರೂ ಏನೂ ಅನ್ಲಿಲ್ಲ, ನಾನು ಹತ್ತಿದ ತಕ್ಷಣ ಮಾತು ನಿಲ್ಸೋರು, ಅಷ್ಟೇ. ಅದಕ್ಕೇ ನಾನು ಆಮೇಲೆ ಪ್ರತಿ ತಿಂಗಳೂ ಆ ದಿನ ಬಂದ್ರೆ ಬಸ್ಸೇ ಹತ್ತುತ್ತಿರ್ಲಿಲ್ಲ. ಕೋಳಿ ಕೂಗೋ ಮುಂಚೆ ಎದ್ದು ನಡ್ಕೊಂಡು ಹೋಗ್ತಿದ್ದೆ, ಅಷ್ಟು ದೂರ, ಆನೆ ಓಡಾಡೋ ದಾರೀಲಿ. ಆನೆಗಿಂತ ಆ ಬಸ್ಸಿಗೆ ಹೆದರ್ತಿದ್ದೆ ಅಂದ್ರೆ ನೋಡು! ಈಗ ನಂಗೆ ಮುಟ್ಟು ನಿಂತು ಎಷ್ಟು ಕಾಲ ಆಯ್ತು, ಇವತ್ತಿಗೂ ಬಸ್ಸಲ್ಲಿ ಸೀಟಿಂದ ಎದ್ರೆ ಕೈ ತಾನಾಗೇ ಹಿಂದಕ್ಕೆ ಹೋಗುತ್ತೆ. ಆಮೇಲೆ ನಿಂಗೂ ಅದನ್ನೇ ಕಲಿಸ್ದೆ. "ಮುಚ್ಚಿಡು, ಯಾರಿಗೂ ಕಾಣಬಾರದು" ಅಂತ ನಿಂಗೆ ಹೇಳಿದೋಳು ನಾನೇ ಅಲ್ವಾ. ಬೆಳಗ್ಗೆ ನೀನು ಬ್ಯಾಗು ಅಡ್ಡ ಹಿಡ್ಕೊಂಡು ಓಡಿ ಬರೋದು ನೋಡಿ ನಂಗೆ ಎಷ್ಟು ನಾಚಿಕೆ ಆಯ್ತು ಗೊತ್ತಾ, ನಿನ್ನ ನೋಡಿ ಅಲ್ಲ, ನನ್ನ ನಾಚಿಕೆ ನಿನ್ನ ಮೈಗೂ ಅಂಟಿಸ್ಬಿಟ್ನಲ್ಲ ಅಂತ.

ಅದಕ್ಕೇ ಹೇಳ್ತೀನಿ, ನಿಮ್ಮಪ್ಪ ಏನಾದ್ರೂ ಬೈಲಿ, ಬಸ್ಸು ಸುಧಾರಿಸಿದೆ. ಸೀಟು ಮೆತ್ತಗಾಗಿದೆ, ಟಿಕೆಟ್ಟು ಬಿಟ್ಟಿ ಅಂತ ಅಲ್ಲ. ನಮ್ಗೆ ಇಳಿದ್ರೆ ಇನ್ನೊಂದು ಬಸ್ಸಿರ್ಲಿಲ್ಲ. ನಿಂಗಿದೆ, ಪರೀಕ್ಷೆ ಹೊತ್ತಿಗೂ ಮುಟ್ಟುತ್ತೆ. ಬೆಳಗ್ಗೆ ನಿನ್ನ ನೋಡಿದೋರು ಆ ಬಸ್ಸಲ್ಲಿ ಹೋದ್ರು, ಮುಂದಿನ ಬಸ್ಸಲ್ಲಿ ನೀನ್ಯಾರೋ ಅವ್ರ್ಯಾರೋ. ಅಕಸ್ಮಾತ್ ಅಲ್ಲಿ ಯಾರಾದ್ರೂ ಹುಡುಗಿ ತಲೆ ತಗ್ಗಿಸ್ಕೊಂಡು ನಿಂತಿದ್ರೆ, ಬಸ್ಸು ನಿಲ್ಸಿ ಗಂಡಸರನ್ನ ಇಳಿಸಕ್ಕೆ ಹೋಗ್ಬೇಡ ಮತ್ತೆ, ನಿನ್ನ ದುಪ್ಪಟ್ಟಾ ಕೊಡು ಸಾಕು. ಕಲೆ ಒಗೆದ್ರೆ ಹೋಗುತ್ತೆ ಮಗಾ, ತಪ್ಪಿಸ್ಕೊಂಡ ದಿನಾನ ಒಗೆದು ಒಣಗ್ಸಕ್ಕಾಗಲ್ಲ. ಏಳು.